ಎರಡು ತಾಸಿಗೊಮ್ಮೆ ಮಗ್ಗಲು

(ಶಾಲೆಯ ಸುವರ್ಣ ಮಹೋತ್ಸವದ ಗುರುವಂದನಾ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಭಾಷಣದ ಬರಹರೂಪ)



ನಾನು 2004ರ ಎಸ್ಸೆಸ್ಸೆಲ್ಸಿ ಬ್ಯಾಚಿನವನು. ಇಲ್ಲಿಂದ ನವಲಗುಂದದಲ್ಲಿ ಪಿಯುಸಿ, ಆಮೇಲೆ ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಕಾರ್ಯಕ್ರಮದ ಸಂಘಟಕರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು’. ಆ ಬಗ್ಗೆ ಮಕ್ಕಳ ಜೊತೆ ಮಧ್ಯಾಹ್ನ ಬೇರೆಯಾಗಿ ಕುಳಿತು ಮಾತಾಡುತ್ತೇನೆ. ಇಷ್ಟು ಜನ ಹಿರಿಯರು, ತಾಯಂದಿರು ಒಟ್ಟಿಗೆ ಕೂಡುವುದು ಅಪರೂಪ. ಅದಕ್ಕೆ ಸರ್ ಅವರ ಅಪ್ಪಣೆ ಪಡೆದು ಬೇರೆ ವಿಷಯ ತೆಗೆದುಕೊಂಡಿದ್ದೇನೆ. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವ ಬಗ್ಗೆ ಮಾತಾಡುತ್ತೇನೆ. ಸುವರ್ಣ ಮಹೋತ್ಸವದಲ್ಲಿ ಇದೆಂಥ ಮಾತು ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ವಿಷಯಕ್ಕೂ ಈ ಶಾಲೆಯ ಗಂಟೆಗೂ ಸಂಬಂಧವಿದೆ. ಮುಂದೆ ಹೇಳುತ್ತೇನೆ.

ನಮ್ಮ ಅಪ್ಪನನ್ನು ನಿಮ್ಮಲ್ಲಿ ಬಹಳ ಜನ ಬಲ್ಲಿರಿ. ನಾಲ್ಕು ವರ್ಷದ ಹಿಂದೆ, ಹೆಸರು ಬಿಡಿಸುವ ದಿನಗಳು. ಬೆಳಗ್ಗೆ ಮುಖ ತೊಳೆಯಲು ಹೋದವನು ಬಚ್ಚಲ ಬಾಗಿಲಲ್ಲಿ ಕುಸಿದ. ಬಾಯಿ ಸೊಟ್ಟಗಾಗಿತ್ತು, ಎಡಗೈ ಎಡಗಾಲು ಎತ್ತಲು ಬರುತ್ತಿರಲಿಲ್ಲ. ಲಕ್ವಾ ಎಂದು ನೋಡಿದವರಿಗೆಲ್ಲ ಗೊತ್ತಾಯಿತು. ಗೊತ್ತಾದ ಮೇಲೆ ಮಾಡಿದ್ದೇನು? ಟಂಟಂ ಗಾಡಿಯಲ್ಲಿ ಹಾಕಿಕೊಂಡು ಲಕ್ವಾಕ್ಕೆ ಔಷಧಿ ಕೊಡುವವರ ಊರಿಗೆ ಒಯ್ದರು. ಅಲ್ಲಿ ಸರದಿ, ಮೂಗಿಗೆ ಹನಿ, ಕೈಗೆ ಎಣ್ಣೆ. ಹುಬ್ಬಳ್ಳಿ ಮುಟ್ಟುವಾಗ ಮಧ್ಯಾಹ್ನ ಮೂರು. ರಕ್ತ ಹೆಪ್ಪುಗಟ್ಟಿ ಬಂದ ಲಕ್ವಾ ಇದ್ದರೆ ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು 4½ ತಾಸಿನೊಳಗೆ ಕೊಡಬೇಕು. ರಕ್ತನಾಳ ಒಡೆದು ಬಂದ ಲಕ್ವಾಕ್ಕೆ ಅದನ್ನು ಕೊಡುವಂತಿಲ್ಲ, ಹೀಗಾಗಿ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಅದೆಲ್ಲ ಆಗಬೇಕೆಂದರೆ 108ಕ್ಕೆ ಫೋನ್ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾವು ಹೋಗಲಿಲ್ಲ. ಯಾರನ್ನೂ ದೂರುವುದಿಲ್ಲ. ಫೋನಿನಲ್ಲಿ ‘ಹೂಂ, ಅಲ್ಲೇ ಒಯ್ರಿ’ ಎಂದವನು ನಾನೇ.

ಹನ್ನೆರಡು ದಿನದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಿಟ್ಟರು. ಕೈಯಲ್ಲಿ ಗುಳಿಗೆಗಳ ಪಟ್ಟಿ, ಮುಂದಿನ ತಿಂಗಳು ತೋರಿಸಲು ಬರುವ ತಾರೀಖು. ಇಡೀ ದಿನ ಒಂದೇ ಕಡೆ ಮಲಗುವ 62 ಕಿಲೋ ಮನುಷ್ಯನನ್ನು ಹೇಗೆ ಎತ್ತಬೇಕು, ಹೇಗೆ ತಿನ್ನಿಸಬೇಕು, ಹೇಗೆ ಹೊಳ್ಳಿಸಬೇಕು ಎಂದು ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ನಾವೂ ಕೇಳಲಿಲ್ಲ. ಪಡಸಾಲೆಯಲ್ಲಿ ಹೊರಸು ಹಾಕಿ, ಮೇಲೆ ಎರಡು ಕೌದಿ ಹಾಸಿ ಮಲಗಿಸಿದೆವು. ನಾನು ಒಂದು ವಾರ ಇದ್ದು, ಅವ್ವನ ಕೈಯಲ್ಲಿ ದುಡ್ಡು ಕೊಟ್ಟು, ಬೆಂಗಳೂರು ಬಸ್ ಹತ್ತಿದೆ.

ಮೂರನೇ ವಾರಕ್ಕೆ ಬೆನ್ನಿನ ಕೆಳಗೆ, ಬಾಲದ ಎಲುಬಿನ ಮೇಲೆ, ಕಪ್ಪು ಕಲೆ ಬಿತ್ತು. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು, ಪೌಡರ್ ಹಾಕಿದಳು. ಪಕ್ಕದ ಮನೆಯ ಕಾಕಾ ಬೈಕಿನ ಟ್ಯೂಬಿಗೆ ಗಾಳಿ ತುಂಬಿ ಕೆಳಗೆ ಇಟ್ಟರು, ನಡುವೆ ಖಾಲಿ ಇರುವುದರಿಂದ ಎಲುಬಿಗೆ ಹತ್ತುವುದಿಲ್ಲ ಎಂದು. ಎಲ್ಲವೂ ಪ್ರೀತಿಯಿಂದ ಮಾಡಿದ್ದು, ಎಲ್ಲವೂ ತಪ್ಪು. ಸತ್ತುಹೋಗುತ್ತಿರುವ ಚರ್ಮವನ್ನು ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹರಿಯುತ್ತದೆ. ಟ್ಯೂಬು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತವೇ ಬರದ ಹಾಗೆ ಮಾಡುತ್ತದೆ. ಹತ್ತು ದಿನದಲ್ಲಿ ಕಲೆ ಒಡೆದು ಹುಣ್ಣಾಯಿತು.

ಈಗ ನನ್ನ ಇಂಜಿನಿಯರಿಂಗ್ ಕಥೆ ಕೇಳಿರಿ. ಅಂತರ್ಜಾಲದಲ್ಲಿ ಓದಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ತಿಳಿದುಕೊಂಡೆ. ಅವ್ವನಿಗೆ ನೆನಪಾಗುತ್ತಿಲ್ಲ, ಅದೇ ಸಮಸ್ಯೆ ಎಂದು ನಾನೇ ತೀರ್ಮಾನಿಸಿದೆ. ಒಂದು ಶನಿವಾರ ರವಿವಾರ ಕುಳಿತು ಮೊಬೈಲ್ ಆ್ಯಪ್ ಬರೆದೆ. ಎರಡು ತಾಸಿಗೊಮ್ಮೆ ಗಂಟೆ ಬಾರಿಸುತ್ತದೆ, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ‘ಎಡ ಮಗ್ಗಲು’, ‘ಬಲ ಮಗ್ಗಲು’ ಎಂದು ತೋರಿಸುತ್ತದೆ, ಹೊಳ್ಳಿಸಿದ ಮೇಲೆ ಹಸಿರು ಗುಂಡಿ ಒತ್ತಬೇಕು. ಒತ್ತಿದ್ದು ಬೆಂಗಳೂರಿನಲ್ಲಿ ನನಗೆ ಕಾಣುತ್ತದೆ. ಆಫೀಸಿನಲ್ಲಿ ಗೆಳೆಯರಿಗೆ ತೋರಿಸಿ ಭೇಷ್ ಅನಿಸಿಕೊಂಡೆ. ಮೂರು ವಾರ ನನ್ನ ಪರದೆಯ ಮೇಲೆ ಎಲ್ಲ ಹಸಿರು. ರಾತ್ರಿ ಎರಡು ಗಂಟೆಗೂ ಹಸಿರು, ನಾಲ್ಕಕ್ಕೂ ಹಸಿರು.

ದೀಪಾವಳಿಗೆ ಬಂದು ನೋಡಿದರೆ ಹುಣ್ಣಿನಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ಆಳ ಬಿದ್ದಿತ್ತು. ‘ಅವ್ವಾ, ಇದೇನಿದು? ಗುಂಡಿ ಒತ್ತಿದ್ದೆಲ್ಲಾ ಸುಳ್ಳನು?’ ಎಂದೆ. ಜೋರಾಗಿಯೇ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಹಗಲಹೊತ್ತು ಹೊಳ್ಳಸ್ತೇನೋ ತಮ್ಮಾ. ರಾತ್ರಿ ಒಬ್ಬಾಕಿಗೇ ನೀಗೂದಿಲ್ಲ, ನಡಾ ಹಿಡೀತೈತಿ. ಒತ್ತಲಿಲ್ಲಂದ್ರ ನೀ ಅಲ್ಲಿ ನಿದ್ದಿಗೆಟ್ಟು ಫೋನ್ ಮಾಡ್ತಿ. ನೀರ ನೌಕರಿ ಮಾಡಾಂವ ಅಲ್ಲನು ನೀ? ಅದಕ್ಕ ಒತ್ತತಿದ್ನಿ’ ಎಂದಳು.

ಅವಳಿಗೆ ನೆನಪಿನ ತೊಂದರೆ ಇರಲಿಲ್ಲ. ಇನ್ನೊಂದು ಜೋಡಿ ಕೈ ಬೇಕಿತ್ತು. ನಾನು ಕಳಿಸಿದ್ದು ಇನ್ನೊಂದು ಗಂಟೆ. ಆ ರಾತ್ರಿ ಆ್ಯಪ್ ತೆಗೆದುಹಾಕಿದೆ. ಮ್ಯಾನೇಜರಿಗೆ ಪತ್ರ ಬರೆದು ಮನೆಯಿಂದಲೇ ಕೆಲಸ ಮಾಡುವ ಅನುಮತಿ ತೆಗೆದುಕೊಂಡು ಆರು ತಿಂಗಳು ಊರಲ್ಲೇ ಉಳಿದೆ. ಈ ಅನುಕೂಲ ಎಲ್ಲರಿಗೂ ಇರುವುದಿಲ್ಲ ಎಂದು ಗೊತ್ತು. ಕೂಲಿಗೆ ಹೋಗದಿದ್ದರೆ ಆ ದಿನದ ಊಟ ಇಲ್ಲ ಎನ್ನುವ ಮನೆಗಳು ಈ ಸಭೆಯಲ್ಲೇ ಇವೆ.

ನಮಗೆ ನಿಜವಾಗಿ ಕಲಿಸಿದವರು ನಮ್ಮ ಉಪಕೇಂದ್ರದ ನರ್ಸಬಾಯಿಯವರು. ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳಬೇಡ ಎಂದು ಮೊದಲೇ ಕಣ್ಣು ಬಿಟ್ಟಿದ್ದಾರೆ. ಆಶಾ ಕಾರ್ಯಕರ್ತೆ ಹೇಳಿಕಳಿಸಿದ್ದಕ್ಕೆ ಬಂದವರು, ಬಂದ ಕೂಡಲೇ ಮೊದಲು ಟ್ಯೂಬ್ ಎತ್ತಿ ಅಂಗಳಕ್ಕೆ ಒಗೆದರು. ಆಮೇಲೆ ಹೊರಸು ನೋಡಿದರು. ಹಗ್ಗದ ಹೊರಸು ನಡುವೆ ಜೋತು ಬೀಳುತ್ತದೆ, ಮನುಷ್ಯ ಹೊಂಡದಲ್ಲಿ ಬಿದ್ದ ಹಾಗೆ ಮಲಗುತ್ತಾನೆ, ಭಾರವೆಲ್ಲ ನಡುವಿಗೆ. ‘ಇದರ ಮ್ಯಾಲ ಹೊಳ್ಳಸಾಕ ಪೈಲ್ವಾನ್ರು ಬೇಕ್ರಿ’ ಎಂದರು. ಕೌದಿಯನ್ನೂ ತೆಗೆಸಿದರು. ನಮ್ಮ ಆಯಿ ಹೊಲಿದ ಕೌದಿ, ಅಪ್ಪನಿಗೆ ಅದರ ಮೇಲೆ ಜೀವ. ಆದರೆ ಅದರ ದಪ್ಪ ಹೊಲಿಗೆ, ಮಡಿಕೆ ಎಲ್ಲ ಮೈಗೆ ಒತ್ತುತ್ತವೆ, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಅದನ್ನು ಹೊದಿಯಲು ಕೊಟ್ಟು, ಕೆಳಗೆ ಹಲಗೆಯ ಮಂಚ, ಗಾದಿ, ಅದರ ಮೇಲೆ ಸುಕ್ಕಿಲ್ಲದಂತೆ ಹಳೆ ಕಾಟನ್ ಸೀರೆ ಹಾಸಿದೆವು.

ಆ ಸೀರೆಯಲ್ಲೇ ಇಡೀ ವಿದ್ಯೆ ಇದೆ. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆಯವರೆಗೆ ಮೈಕೆಳಗೆ ಹಾಸಬೇಕು. ಇಬ್ಬರು ಎರಡು ಬದಿ ನಿಂತು ಅಂಚನ್ನು ಮೈಗೆ ಹತ್ತಿರ ಸುರುಳಿ ಸುತ್ತಿ ಹಿಡಿದು, ಒಟ್ಟಿಗೆ ಎಣಿಸಿ, ಎತ್ತಿ ಸರಿಸಬೇಕು. ಎಳೆಯಬಾರದು. ಎಳೆದರೆ ಮೇಲಿನ ಚರ್ಮ ಹಾಸಿಗೆಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಎಲುಬು ಸರಿಯುತ್ತದೆ, ನಡುವಿನ ರಕ್ತನಾಳಗಳು ಹರಿಯುತ್ತವೆ. ಎತ್ತುವವರು ನಡು ಬಗ್ಗಿಸದೆ ಮೊಣಕಾಲು ಬಗ್ಗಿಸಬೇಕು. ಅವ್ವನ ನಡುನೋವಿಗೆ ಅರ್ಧ ಔಷಧಿ ಅದೇ ಆಯಿತು. ಹೊಳ್ಳಿಸುವಾಗ ಪೂರ್ತಿ ಮಗ್ಗಲಿಗೆ ಹಾಕಬಾರದು, ಹಾಗೆ ಹಾಕಿದರೆ ಸೊಂಟದ ಎಲುಬಿನ ಮೇಲೆ ಹೊಸ ಹುಣ್ಣು ಏಳುತ್ತದೆ. ಬೆನ್ನ ಹಿಂದೆ ತಲೆದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡಬೇಕು. ನರ್ಸಬಾಯಿ ಡಿಗ್ರಿ ಎಂದಾಗ ನನಗೆ ಇದೇ ಶಾಲೆಯ ಕಂಪಾಸ್ ಪೆಟ್ಟಿಗೆ ನೆನಪಾಗಿ ಕೋನಮಾಪಕ ಹುಡುಕಿಸಿ ಅಳೆದೆ. ಅವರು ನಕ್ಕು, ‘ಕುಂಡಿ ಕೆಳಗ ಕೈ ಹಾಕ್ರಿ ಸರ್, ಎಲಬು ಗಾದಿಗೆ ಹತ್ತಲಿಲ್ಲಂದ್ರ ನಿಮ್ಮ ಡಿಗ್ರಿ ಬರೋಬ್ಬರಿ ಐತಿ’ ಎಂದರು.

ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ. ಹಿಮ್ಮಡಿಯನ್ನು ಯಾರೂ ನೋಡುವುದಿಲ್ಲ, ಅಲ್ಲಿಯೂ ಹುಣ್ಣಾಗುತ್ತದೆ. ದಿನಕ್ಕೆ ಒಂದು ಸಲ ಬೆಳಕಿನಲ್ಲಿ ಬಾಲದ ಎಲುಬು, ಸೊಂಟ, ಹಿಮ್ಮಡಿ, ಮೊಣಕೈ, ಭುಜದ ಹಿಂದೆ, ತಲೆಯ ಹಿಂದೆ ನೋಡಬೇಕು. ಬಣ್ಣ ಬದಲಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಒತ್ತಿದಾಗ ಬಿಳಿಚಿ ಮತ್ತೆ ಮೊದಲಿನಂತಾದರೆ ರಕ್ತ ಓಡಾಡುತ್ತಿದೆ. ಬಿಳಿಚದೆ ಹಾಗೇ ಉಳಿದರೆ ಹುಣ್ಣು ಶುರುವಾಗಿದೆ. ನಮ್ಮ ಎರೆಮಣ್ಣಿನಂಥ ಮೈಬಣ್ಣಕ್ಕೆ ಇದು ಸುಲಭವಾಗಿ ಕಾಣುವುದಿಲ್ಲ, ಅದಕ್ಕೆ ಕೈಯಿಟ್ಟು ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದ್ದರೆ, ಗಟ್ಟಿ ಅಥವಾ ಮೆತ್ತಗೆ ಅನಿಸಿದರೆ, ಆ ಮಗ್ಗಲಿಗೆ ಮತ್ತೆ ಮಲಗಿಸಬಾರದು.

ಈ ಎರಡು ತಾಸಿನ ಲೆಕ್ಕ ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿ ಓದಿದೆ. ಎರಡನೇ ಮಹಾಯುದ್ಧದ ಕಾಲಕ್ಕೆ ಬೆನ್ನುಹುರಿ ಮುರಿದ ಸೈನಿಕರು ಬಹುಪಾಲು ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದದ್ದು ಗುಂಡಿನೇಟಿಗಿಂತ ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದಿದ್ದ ಲುಡ್ವಿಗ್ ಗುಟ್‌ಮನ್ ಎಂಬ ಯಹೂದಿ ವೈದ್ಯರು 1944ರಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ವಾರ್ಡಿಗೆ ಮುಖ್ಯಸ್ಥರಾದರು. ಹಗಲು ರಾತ್ರಿ ಎರಡು ತಾಸಿಗೊಮ್ಮೆ ಪ್ರತಿಯೊಬ್ಬರನ್ನೂ ಹೊಳ್ಳಿಸಲೇಬೇಕು ಎಂದು ಪಟ್ಟು ಹಿಡಿದರು, ರಾತ್ರಿ ತಾವೇ ಬಂದು ನೋಡುತ್ತಿದ್ದರು. ಸಾಯಲೆಂದೇ ಬಿಟ್ಟಿದ್ದ ಆ ಹುಡುಗರು ಬದುಕಿದರು. 1948ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿ. ಆದರೆ ಗುಟ್‌ಮನ್ನರ ಕೈಕೆಳಗೆ ವಾರ್ಡಿನ ತುಂಬ ನರ್ಸುಗಳು, ಆಳುಗಳು ಇದ್ದರು. ನಮ್ಮ ಪಡಸಾಲೆಯಲ್ಲಿ ಇದ್ದವಳು ಅವ್ವ ಒಬ್ಬಳೇ.

ಈಗ ಗಂಟೆಯ ಮಾತು. ನಮ್ಮ ಮನೆ ಶಾಲೆಯ ಹಿಂದಿನ ಓಣಿಯಲ್ಲಿದೆ. ಆ್ಯಪ್ ಹೋದ ಮೇಲೆ ಅವ್ವ ತನ್ನದೇ ವೇಳಾಪಟ್ಟಿ ಮಾಡಿಕೊಂಡಳು. ವಸ್ತಿ ಬಸ್ ಬಿಡುವಾಗ ಒಂದು ಸಲ. ಡೇರಿಗೆ ಹಾಲು ಹಾಕಿ ಬಂದ ಮೇಲೆ ಒಂದು ಸಲ. ಆಮೇಲೆ ಪ್ರಾರ್ಥನೆಯ ಗಂಟೆ, ನಡುವಿನ ಬಿಡುವಿನ ಗಂಟೆ, ಬಿಸಿಯೂಟದ ಗಂಟೆ, ಸಂಜೆ ಶಾಲೆ ಬಿಡುವ ಗಂಟೆ. ಹೆಚ್ಚುಕಡಿಮೆ ಎರಡು ತಾಸು ಬರೋಬ್ಬರಿ ಬೀಳುತ್ತಿತ್ತು. ಗಂಟೆಯಾದ ಕೂಡಲೇ ಅಪ್ಪನೇ ‘ಏ, ಸಾಲಿ ಗಂಟಿ ಆತು, ಹೊಳ್ಳಸ’ ಎಂದು ತೊದಲುತ್ತ ಕೂಗುತ್ತಿದ್ದ. ಏಪ್ರಿಲ್ ರಜೆ ಬಂದಾಗ ಇಬ್ಬರಿಗೂ ಪೇಚಾಟ. ‘ಈ ಮಾಸ್ತರ್ರಿಗೆ ಇಷ್ಟ್ ದಿನಾ ಸೂಟಿ ಯಾಕ್ ಕೊಡ್ತಾರೋ’ ಎಂದು ಅವ್ವ ಗೊಣಗುತ್ತಿದ್ದಳು. ಗಂಟೆ ಬಾರಿಸುತ್ತಿದ್ದ ನಮ್ಮ ಶಾಲೆಯ ಜವಾನರಿಗೆ ಇದು ಗೊತ್ತಿರಲಿಲ್ಲ. ಇವತ್ತು ಈ ವೇದಿಕೆಯಿಂದ ಅವರಿಗೆ ನಮಸ್ಕಾರ ಹೇಳುತ್ತೇನೆ.

ರಾತ್ರಿಯ ಪಾಳಿ ನನ್ನದಾಯಿತು. ಮೊದಲ ಸಲ ಅಪ್ಪನನ್ನು ತೊಳೆದು ಒರೆಸಿದ ರಾತ್ರಿ ಮರೆಯುವಂಥದ್ದಲ್ಲ. ಅಪ್ಪ ಮುಖ ಗೋಡೆಗೆ ಹಾಕಿದ. ಮುಗಿದ ಮೇಲೆ ‘ಹೊಲಾ ಒತ್ತಿ ಇಟ್ಟು ನಿನಗ ಬಿ.ಇ. ಓದಿಸಿದ್ದು ಇದಕ್ಕನೋ?’ ಎಂದ. ಅಳುತ್ತಿದ್ದನೋ ನಗುತ್ತಿದ್ದನೋ, ಸೊಟ್ಟ ಬಾಯಿಯಲ್ಲಿ ಗೊತ್ತಾಗುತ್ತಿರಲಿಲ್ಲ. ‘ಇದನ್ನ ಬಿ.ಇ.ದಾಗ ಹೇಳಿಕೊಡಲಿಲ್ಲಪ್ಪಾ, ನರ್ಸಬಾಯಾರು ಹೇಳಿಕೊಟ್ಟಾರ’ ಎಂದೆ. ಆಮೇಲೆ ಇಬ್ಬರೂ ನಕ್ಕೆವು. ಅಂದಿನಿಂದ ಅವನ ನಾಚಿಕೆ ಸ್ವಲ್ಪ ಕಡಿಮೆಯಾಯಿತು. ಎದುರಿಗೆ ಪರದೆ ಕಟ್ಟಿದೆವು, ನೋಡಲು ಬಂದವರನ್ನು ಆ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಕೂರಿಸಿದೆವು. ಹಾಸಿಗೆ ಹಿಡಿದವನಿಗೂ ಮಾನ ಇದೆ ಎನ್ನುವುದು ನಮಗೆ ಪರದೆ ಕಟ್ಟಿದ ಮೇಲೆ ಹೊಳೆಯಿತು.

ಉಳಿದ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು. ಮೂತ್ರದ ಚೀಲವನ್ನು ನಾವು ಮಂಚದ ತಲೆಗಂಬಕ್ಕೆ ಕಟ್ಟಿದ್ದೆವು. ಅದು ಯಾವಾಗಲೂ ಹೊಟ್ಟೆಗಿಂತ ಕೆಳಗೆ ಇರಬೇಕು, ಇಲ್ಲವಾದರೆ ಮೂತ್ರ ಹಿಂದಕ್ಕೆ ಹೋಗಿ ಸೋಂಕಾಗಿ ಚಳಿಜ್ವರ ಬರುತ್ತದೆ. ನಮಗೆ ಬಂತು. ಮಲಗಿಸಿಯೇ ನೀರು ಕುಡಿಸುತ್ತಿದ್ದೆವು. ಲಕ್ವಾ ಆದವರಿಗೆ ನುಂಗುವ ಶಕ್ತಿಯೂ ಕುಂದಿರುತ್ತದೆ, ಗಟ್ಟಿ ಗಂಜಿಗಿಂತ ತೆಳ್ಳಗಿನ ನೀರೇ ಬೇಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಗ್ಗಿಸಿ, ಸರಿಯಿರುವ ಕಡೆಯಿಂದ ಸಣ್ಣ ತುತ್ತು ಕೊಡಬೇಕು. ಊಟವಾದ ಮೇಲೆ ಅರ್ಧ ತಾಸು ಕೂರಿಸಿಯೇ ಇರಬೇಕು. ಸೊಟ್ಟ ಬದಿಯ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ಎಂದು ಬೆರಳಿಗೆ ಬಟ್ಟೆ ಸುತ್ತಿ ನೋಡಬೇಕು. ಎಬ್ಬಿಸಲು ಸತ್ತ ಕೈಯನ್ನು ಹಿಡಿದು ಎಳೆಯಬಾರದು, ಹೆಗಲಿನ ಕೀಲು ಜಾರುತ್ತದೆ. ಹುಣ್ಣಿದ್ದವರಿಗೆ ತತ್ತಿ, ಮೊಸರು, ತೊವ್ವೆ ಬೇಡ, ಕೀವಾಗುತ್ತದೆ ಎಂದು ನಮ್ಮ ಕಡೆ ಪಥ್ಯ ಮಾಡುತ್ತಾರೆ. ಅದು ಪೂರ್ತಿ ಉಲ್ಟಾ. ಮಾಂಸ ತುಂಬಿಕೊಳ್ಳಲು ಅವೇ ಬೇಕು. ಕಿಡ್ನಿಯ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಬೇಕು.

ಹುಣ್ಣು ಮಾಯಲು ಏಳು ತಿಂಗಳು ಹಿಡಿಯಿತು. ಮಾಯ್ದ ಮೇಲೆ, ಗಾಳಿ ಹಾಸಿಗೆ ತಂದ ಮೇಲೆ, ಚರ್ಮ ನೋಡಿಕೊಂಡು ರಾತ್ರಿ ನಾಲ್ಕು ತಾಸಿಗೊಮ್ಮೆ ಹೊಳ್ಳಿಸಿದರೆ ಸಾಕು ಎಂದು ನರ್ಸಬಾಯಿಯವರು ಒಪ್ಪಿದರು. ಅವತ್ತು ಅವ್ವ ಮಲಗಿದ ನಿದ್ದೆ ನೋಡಬೇಕಿತ್ತು. ಗಾಳಿ ಹಾಸಿಗೆ ಇದ್ದರೆ ಹೊಳ್ಳಿಸುವುದೇ ಬೇಡ ಎಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿರಿ.

ಅಪ್ಪ ಮೂರು ವರ್ಷ ಬದುಕಿದ. ಕೋಲು ಹಿಡಿದು ಕಟ್ಟೆಯವರೆಗೆ ಬರುವಷ್ಟಾಗಿದ್ದ, ಹೋದ ವರ್ಷ ಸುಗ್ಗಿಯ ಹೊತ್ತಿಗೆ ಎದೆನೋವು ಬಂದು ತೀರಿಕೊಂಡ. ಮೈಮೇಲೆ ಒಂದೂ ಗಾಯ ಇರಲಿಲ್ಲ. ಕೊನೆಯ ಸ್ನಾನ ಮಾಡಿಸುವಾಗ ಅವ್ವ ಅವನ ಬೆನ್ನನ್ನು ಕೈಯಾಡಿಸಿ ನೋಡಿದಳು.

ಆ ಮೂರು ವರ್ಷದಲ್ಲಿ ಅವ್ವ ಒಂದು ಮದುವೆಗೆ ಹೋಗಲಿಲ್ಲ, ನನ್ನ ತಂಗಿಯ ಬಾಣಂತನಕ್ಕೆ ಕುಂದಗೋಳಕ್ಕೆ ಹೋಗಲಿಲ್ಲ. ಊರಲ್ಲಿ ಯಾರೂ ಇದನ್ನು ದೊಡ್ಡದು ಎಂದುಕೊಳ್ಳಲಿಲ್ಲ, ನಾನೂ ಎಂದುಕೊಂಡಿರಲಿಲ್ಲ. ಹೆಂಡತಿ ಅಂದಮೇಲೆ ಮಾಡಬೇಕು, ಸೊಸೆ ಅಂದಮೇಲೆ ಮಾಡಬೇಕು. ನಮ್ಮ ಜಿಲ್ಲೆಯ ಕಲಘಟಗಿಯ ತೊಟ್ಟಿಲಿಗೆ ಎಷ್ಟು ಹೆಸರು! ಮಗುವನ್ನು ಮಲಗಿಸಲು ಅಷ್ಟು ಬಣ್ಣ, ಅಷ್ಟು ಚಿತ್ರ, ಓಣಿಯ ಹೆಂಗಸರೆಲ್ಲ ಸೇರಿ ತೂಗುತ್ತಾರೆ. ಮುದುಕನನ್ನು ಮಲಗಿಸಿದ ಮೂಲೆಗೆ ಯಾರೂ ಬರುವುದಿಲ್ಲ. ಬಂದವರೂ ಬಾಳೆಹಣ್ಣು ಇಟ್ಟು, ‘ಪಾಪ’ ಎಂದು ಹೋಗುತ್ತಾರೆ. ನಾನೂ ಬೇರೆಯವರ ಮನೆಯಲ್ಲಿ ಅದನ್ನೇ ಮಾಡಿದವನು.

ಕೇರಳದಲ್ಲಿ ಈ ಕೆಲಸವನ್ನು ಊರೇ ಹೊತ್ತುಕೊಂಡಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಶುರುವಾದದ್ದು, 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿ ಮಾಡಿತು. ಪಂಚಾಯಿತಿಯ ನರ್ಸ್ ಮನೆಮನೆಗೆ ಹೋಗುತ್ತಾರೆ, ಊರಿನ ಸ್ವಯಂಸೇವಕರು ಜೊತೆಗೆ ಹೋಗುತ್ತಾರೆ. ನಮ್ಮಲ್ಲೂ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಲಕ್ವಾದಿಂದ ಕೈಕಾಲು ಹೋದವರಿಗೂ ಅಂಗವಿಕಲತೆಯ ಗುರುತಿನ ಚೀಟಿ, ಮಾಸಾಶನಕ್ಕೆ ಅರ್ಜಿ ಹಾಕಲು ಬರುತ್ತದೆ ಎಂದು ನಮಗೆ ಒಂದೂವರೆ ವರ್ಷ ಗೊತ್ತೇ ಇರಲಿಲ್ಲ. ಪೋಲಿಯೋ ಆದ ಮಕ್ಕಳಿಗೆ ಮಾತ್ರ ಎಂದುಕೊಂಡಿದ್ದೆವು.

ನಾನು ಕೇಳುವುದು ಇಷ್ಟೇ. ಅಪ್ಪನ ಮಂಚ, ಗಾಳಿ ಹಾಸಿಗೆ, ಕಮೋಡ್ ಕುರ್ಚಿ, ವಾಕರ್ ಈ ಒಂದು ವರ್ಷದಲ್ಲಿ ಮೂರು ಮನೆ ತಿರುಗಿವೆ, ಈಗ ಕೆಳಗಿನ ಓಣಿಯ ಒಂದು ಮನೆಯಲ್ಲಿವೆ. ಒಂದು ಜೊತೆ ಸಾಲುವುದಿಲ್ಲ. ನಮ್ಮ ಬ್ಯಾಚಿನವರು ಸೇರಿ ಇನ್ನೆರಡು ಜೊತೆ ಕೊಡಿಸುತ್ತೇವೆ, ಇಡಲು ಪಂಚಾಯಿತಿ ಒಂದು ಖೋಲಿ ಕೊಡಬೇಕು. ಮಾತಾಡಿದ್ದೇನೆ, ಅಧ್ಯಕ್ಷರು ತಲೆಯಾಡಿಸಿದ್ದಾರೆ. ಈಗ ನಿಮ್ಮೆಲ್ಲರ ಎದುರಿಗೆ ಇನ್ನೊಮ್ಮೆ ತಲೆಯಾಡಿಸಿದರೆ ನನಗೆ ಧೈರ್ಯ.

ಎರಡನೆಯದು, ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸು ಮಾಡಿ ಶನಿವಾರದ ಶಾಲೆ ಬಿಟ್ಟ ಮೇಲೆ ಎಂಟನೇ ತರಗತಿಯ ಖೋಲಿ ಕೊಡಲು ಒಪ್ಪಿದ್ದಾರೆ. ನರ್ಸಬಾಯಿಯವರು ಬರುತ್ತಾರೆ. ಸೀರೆಯಿಂದ ಹೊಳ್ಳಿಸುವುದು, ಕೂರಿಸುವುದು, ತಿನ್ನಿಸುವುದು ಮೂರೇ ಕಲಿಸುತ್ತಾರೆ, ಎರಡು ತಾಸಿನ ಕೆಲಸ. ಅವ್ವನೂ ಬರುತ್ತಾಳೆ, ಸುಕ್ಕಿಲ್ಲದೆ ಹಾಸುವುದನ್ನು ಅವಳಷ್ಟು ಚೆನ್ನಾಗಿ ತೋರಿಸುವವರು ಇಲ್ಲ. ಬರುವಾಗ ಮನೆಗೊಂದು ಹಳೆ ಕಾಟನ್ ಸೀರೆ, ಎರಡು ದಿಂಬು ತರಬೇಕು. ಗಂಡಸರು, ಗಂಡುಹುಡುಗರು ಮೊದಲ ಸಾಲಿನಲ್ಲಿ ಕೂರಬೇಕು. ಹೊಳ್ಳಿಸಿ ನೋಡಲು ಪೇಶಂಟ್ ಬೇಕಲ್ಲ, ಅದು ನಾನೇ ಆಗುತ್ತೇನೆ. ತೂಕ 78 ಕಿಲೋ.